ಒಂದು ವರ್ಷದ ರೀಫಂಡು, ಇನ್ನೊಂದು ವರ್ಷದ ಬಾಕಿ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ನಮ್ಮ ನಾಡಿನ ಸಹಕಾರ ಚಳವಳಿಯ ಲೆಕ್ಕ ಹಿಡಿಯುತ್ತೇವೆ. ಆ ದೊಡ್ಡ ಪರಂಪರೆಯಲ್ಲಿ ನಮ್ಮ ಹಳ್ಳಿಯ ಸಂಘವೂ ಇಪ್ಪತ್ತೈದು ವರ್ಷ ನಡೆದುಕೊಂಡು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. ಸಂಘದ ಸಾಧನೆಯನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವುದು ಆದಾಯ ತೆರಿಗೆಯ ವಿಷಯ. ಹಬ್ಬದ ಊಟದ ಹೊತ್ತಿಗೆ ತೆರಿಗೆ ಮಾತು ಯಾರಿಗೂ ರುಚಿಸುವುದಿಲ್ಲ ಅಂತ ನನಗೂ ಗೊತ್ತು. ಆದರೂ ಸ್ವಲ್ಪ ಕೇಳಿ. ಇದು ನಿಮ್ಮ ದುಡ್ಡಿನ ಮಾತು.

ತೆರಿಗೆಯ ಇಡೀ ಪುರಾಣ ಹೇಳಲು ನಾನು ಹೊರಟಿಲ್ಲ. ಒಂದೇ ಸಂಗತಿ ಹಿಡಿದುಕೊಳ್ಳುತ್ತೇನೆ. ಒಂದು ವರ್ಷ ಹೆಚ್ಚಿಗೆ ಕಟ್ಟಿದ ತೆರಿಗೆ ತಡವಾಗಿ ವಾಪಸು ಬರುವ ಹೊತ್ತಿಗೆ ಇಲಾಖೆಯವರು ಅದನ್ನು ಬೇರೊಂದು ವರ್ಷದ ಬಾಕಿಗೆ ಮುರಿದುಕೊಳ್ಳುತ್ತಾರೆ. ಇದು ಯಾವಾಗ ಸರಿ, ಯಾವಾಗ ತಪ್ಪು, ನಮ್ಮ ಕೈಲಿ ಏನಿದೆ ಅನ್ನುವುದೇ ಇವತ್ತಿನ ಮಾತು.

ರೀಫಂಡು ಹುಟ್ಟುವುದು ಎಲ್ಲಿ?

ನಮ್ಮಂಥವರು ಬೇಕೆಂದು ಹೆಚ್ಚಿಗೆ ತೆರಿಗೆ ಕಟ್ಟುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟಿರುತ್ತೇವೆ. ಬಡ್ಡಿ ಕೊಡುವಾಗ ಬ್ಯಾಂಕಿನವರು ನೂರಕ್ಕೆ ಹತ್ತರಂತೆ ಮೂಲದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುತ್ತಾರೆ. ಅದೇ ಟಿ.ಡಿ.ಎಸ್. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ನಮಗೆ ತೆರಿಗೆಯೇ ಬರುವುದಿಲ್ಲ ಅಥವಾ ಕಡಿಮೆ ಬರುತ್ತದೆ. ಹೆಚ್ಚಾದದ್ದು ವಾಪಸು ಬರಬೇಕು. ಅದೇ ರೀಫಂಡು.

ಸಂಘಗಳ ವಿಚಾರದಲ್ಲಿ ಹಿಂದೆ ಒಂದು ಅನುಕೂಲ ಇತ್ತು. ಒಂದು ಸಹಕಾರಿ ಸಂಸ್ಥೆ ಇನ್ನೊಂದು ಸಹಕಾರಿ ಸಂಸ್ಥೆಗೆ ಬಡ್ಡಿ ಕೊಟ್ಟರೆ ಟಿ.ಡಿ.ಎಸ್. ಮುರಿಯಬೇಕಾಗಿರಲಿಲ್ಲ. 2020ರಲ್ಲಿ ತಿದ್ದುಪಡಿ ಬಂತು. ಬಡ್ಡಿ ಕೊಡುವ ಸಂಸ್ಥೆಯ ವಹಿವಾಟು ಹಿಂದಿನ ವರ್ಷ 50 ಕೋಟಿ ರೂಪಾಯಿ ಮೀರಿದ್ದರೆ, ಬಡ್ಡಿಯೂ ಗೊತ್ತುಪಡಿಸಿದ ಮಿತಿ ದಾಟಿದ್ದರೆ, ಅವರೂ ಮುರಿಯಬೇಕು ಅಂತ ಆಯಿತು. ಹಾಗಾಗಿ ದೊಡ್ಡ ಸಹಕಾರಿ ಬ್ಯಾಂಕಿನಲ್ಲಿ ನಮ್ಮ ಸಂಘ ಇಟ್ಟ ಠೇವಣಿಯ ಬಡ್ಡಿಯಲ್ಲೂ ಕತ್ತರಿ ಬೀಳುತ್ತದೆ. ಒಂದು ಮಿತಿ ಮೀರಿ ನಗದು ತೆಗೆದರೂ ಟಿ.ಡಿ.ಎಸ್. ಉಂಟು. ಸಹಕಾರ ಸಂಘಗಳಿಗೆ ಆ ಮಿತಿಯನ್ನು 2023ರ ಏಪ್ರಿಲ್‌ನಿಂದ ವರ್ಷಕ್ಕೆ 3 ಕೋಟಿಗೆ ಏರಿಸಿದರು.

ಹೀಗೆ ಮುರಿದ ಹಣವನ್ನು ನಮ್ಮ ಅಢಾವೆ ಪತ್ರಿಕೆಯಲ್ಲಿ "ಬರತಕ್ಕ ಆದಾಯ ತೆರಿಗೆ" ಅಂತ ಆಸ್ತಿ ಬದಿಯಲ್ಲಿ ಬರೆಯುತ್ತೇವೆ. ವರ್ಷದಿಂದ ವರ್ಷಕ್ಕೆ ಆ ಬಾಬು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮಹಾಸಭೆಯಲ್ಲಿ ಓದುತ್ತೇವೆ, ಕೈ ಎತ್ತಿ ಮಂಜೂರು ಮಾಡುತ್ತೇವೆ. ಆ ಹಣ ನಿಜವಾಗಿ ಬರುವುದು ಉಂಟೋ, ಇಲಾಖೆಯವರು ಆಗಲೇ ಮುರಿದುಕೊಂಡಾಯಿತೋ ಅಂತ ಕೇಳುವವರು ಕಡಿಮೆ. ಅಲ್ಲೇ ಇರುವುದು ಅಪಾಯ. ಬಾರದ ಹಣವನ್ನು ಆಸ್ತಿ ಅಂತ ಬರೆದುಕೊಂಡು, ಕೊಡಬೇಕಾದ ಬಾಕಿಯನ್ನು ಬರೆದುಕೊಳ್ಳದೆ ಲಾಭ ತೋರಿಸಿದರೆ, ಆ ಲಾಭದ ಮೇಲೆ ಹಂಚಿದ ಡಿವಿಡೆಂಡು ಯಾರ ಗಂಟಿನಿಂದ ಹೋಯಿತು? ನಿಮ್ಮದೇ ಷೇರು ಹಣದಿಂದ, ನಿಮ್ಮದೇ ಆಪದ್ಧನ ನಿಧಿಯಿಂದ.

ಮುರಿದುಕೊಳ್ಳುವ ಕಾನೂನು

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 245ನೇ ಕಲಂ ಅಂತ ಒಂದಿದೆ. ಅದರ ಸಾರ ಇಷ್ಟೇ. ಒಬ್ಬ ವ್ಯಕ್ತಿಗೆ ರೀಫಂಡು ಕೊಡಬೇಕಾಗಿ ಬಂದಾಗ, ಅದೇ ವ್ಯಕ್ತಿ ಕಾಯ್ದೆಯ ಪ್ರಕಾರ ಕೊಡಬೇಕಾದ ಬಾಕಿ ಏನಾದರೂ ಇದ್ದರೆ, ಅಧಿಕಾರಿ ರೀಫಂಡನ್ನು ಆ ಬಾಕಿಗೆ ಪೂರ್ತಿಯಾಗಿ ಅಥವಾ ಭಾಗಶಃ ವಜಾ ಹಾಕಿಕೊಳ್ಳಬಹುದು. ಆದರೆ ಹಾಗೆ ಮಾಡುವುದಕ್ಕೆ ಮೊದಲು ಲಿಖಿತವಾಗಿ ತಿಳಿಸಬೇಕು.

ಇದು ನಮಗೆ ಹೊಸದೇನಲ್ಲ. ನಮ್ಮ ಸಂಘದಲ್ಲೂ ಸುಸ್ತಿ ಸಾಲಗಾರನ ಠೇವಣಿ ವಾಯಿದೆಗೆ ಬಂದರೆ ಸಾಲಕ್ಕೆ ಹೊಂದಿಸಿಕೊಳ್ಳುತ್ತೇವೆ. ಅಂಗಡಿಯವನು ಅಡಿಕೆ ದುಡ್ಡು ಕೊಡುವಾಗ ಹಳೇ ಉದ್ರಿ ಮುರ್ಕೋತಾನೆ. ಆದರೆ ನ್ಯಾಯವಾದ ಅಂಗಡಿಯವನು ಪುಸ್ತಕ ತೆರೆದು ತೋರಿಸಿ, "ನೋಡಪ್ಪ, ನಿನ್ನದು ಇಷ್ಟು ಬಾಕಿ ಇದೆ, ಮುರಿದುಕೊಳ್ಳಲಾ?" ಅಂತ ಕೇಳಿ ಮುರಿದುಕೊಳ್ಳುತ್ತಾನೆ. ಆ ಕೇಳುವ ಕ್ರಮವನ್ನೇ ಕಾಯ್ದೆ ಅಧಿಕಾರಿಯ ಮೇಲೂ ಹಾಕಿದೆ.

ಇದರಲ್ಲಿ ಮೂರು ಮಾತು ನೆನಪಿಡಿ. ಮೊದಲನೆಯದು, ಬಾಕಿ ಅದೇ ವ್ಯಕ್ತಿಯದಾಗಿರಬೇಕು. ಗಂಡನ ಬಾಕಿಗೆ ಹೆಂಡತಿಯ ರೀಫಂಡು ಮುರಿಯುವಂತಿಲ್ಲ. ಸಂಘದ ಬಾಕಿಗೆ ಸದಸ್ಯರದ್ದು ಮುರಿಯುವಂತಿಲ್ಲ. ಅವಿಭಕ್ತ ಕುಟುಂಬದ ಪ್ಯಾನು ಬೇರೆ, ಯಜಮಾನನ ಸ್ವಂತ ಪ್ಯಾನು ಬೇರೆ. ಎರಡನೆಯದು, ಬಾಕಿ ನಿಗದಿಯಾಗಿ ಕೊಡಬೇಕಾದ ಬಾಕಿ ಆಗಿರಬೇಕು. ಮುಂದೆ ಬರಬಹುದು ಅನ್ನುವ ಊಹೆಯ ಮೇಲೆ ವಜಾ ಹಾಕುವಂತಿಲ್ಲ. ಆದರೆ ಕರ ನಿರ್ಧಾರಣೆ ವಿಚಾರಣೆ ನಡೆಯುತ್ತಿದ್ದರೆ, ಮೇಲಧಿಕಾರಿಯ ಒಪ್ಪಿಗೆ ಪಡೆದು, ಕಾರಣ ಬರೆದು, ರೀಫಂಡನ್ನು ಕೆಲ ಕಾಲ ತಡೆಹಿಡಿಯುವ ಅಧಿಕಾರವನ್ನು 2023ರಲ್ಲಿ ಇದೇ ಕಲಮಿಗೆ ಸೇರಿಸಿದ್ದಾರೆ.

ಮೂರನೆಯದು ಬಹಳ ಮುಖ್ಯ. ವಜಾ ಹಾಕುವ ಹಕ್ಕು ಅಧಿಕಾರಿಯದು, ನಮ್ಮದಲ್ಲ. "ಹೋದ ವರ್ಷದ ರೀಫಂಡು ಇನ್ನೂ ಬಂದಿಲ್ಲ, ಅದನ್ನೇ ಈ ವರ್ಷದ ತೆರಿಗೆಗೆ ಹಿಡ್ಕೊಳ್ಳಿ" ಅಂತ ರಿಟರ್ನಿನಲ್ಲಿ ಬರೆಯುವ ಕಾಲಂ ನಮ್ಮಲ್ಲಿ ಇಲ್ಲ. ಅಮೆರಿಕದಲ್ಲಿರುವ ನಮ್ಮೂರ ಹುಡುಗರು ಬಂದಾಗ ಹೇಳುತ್ತಾರೆ, ಅಲ್ಲಿ ಹೆಚ್ಚಾದ ತೆರಿಗೆಯನ್ನು ಮುಂದಿನ ವರ್ಷದ ತೆರಿಗೆಗೆ ಜಮಾ ಹಿಡಿಯಿರಿ ಅಂತ ಅರ್ಜಿಯಲ್ಲೇ ಬರೆದುಕೊಡಬಹುದು ಅಂತ. ನಿಜ, ಅಲ್ಲಿ ಹಾಗಿದೆ. ಅದನ್ನು ಕೇಳಿ ಇಲ್ಲಿ ತೆರಿಗೆ ಕಟ್ಟದೆ ಕೂತರೆ ತಪ್ಪಾಗುತ್ತದೆ. ಇಲ್ಲಿ ಈ ವರ್ಷದ್ದನ್ನು ಈ ವರ್ಷ ಕಟ್ಟಲೇಬೇಕು. ಬರುವ ಹಣವನ್ನು ನೆಚ್ಚಿ ಕೊಡುವ ಹಣ ನಿಲ್ಲಿಸಬಾರದು.

ಅರ್ಧ ರೂಪಾಯಿ, ಒಂದು ರೂಪಾಯಿ

ಯಾಕೆ ನಿಲ್ಲಿಸಬಾರದು ಅಂದರೆ ಬಡ್ಡಿಯ ಲೆಕ್ಕ ನೋಡಿ. ಸರ್ಕಾರ ನಮಗೆ ರೀಫಂಡಿನ ಮೇಲೆ ಕೊಡುವ ಬಡ್ಡಿ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ. ನಾವು ಬಾಕಿ ಉಳಿಸಿಕೊಂಡರೆ ಕೊಡಬೇಕಾದ ಬಡ್ಡಿ ತಿಂಗಳಿಗೆ ಒಂದು ರೂಪಾಯಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಅದರಲ್ಲೂ ಆ ಅರ್ಧ ರೂಪಾಯಿ ಯಾವತ್ತಿನಿಂದ ಎಣಿಸುತ್ತಾರೆ ಅನ್ನುವುದು ನಮ್ಮ ನಡವಳಿಕೆಯ ಮೇಲಿದೆ. ಗಡುವಿನೊಳಗೆ ರಿಟರ್ನು ಹಾಕಿದ್ದರೆ, ಟಿ.ಡಿ.ಎಸ್. ಹಣಕ್ಕೆ ಅಸೆಸ್‌ಮೆಂಟ್ ವರ್ಷದ ಏಪ್ರಿಲ್ 1ರಿಂದ ಬಡ್ಡಿ. ತಡವಾಗಿ ಹಾಕಿದ್ದರೆ, ಹಾಕಿದ ದಿನದಿಂದ ಮಾತ್ರ. ನಮ್ಮಿಂದ ಆದ ವಿಳಂಬದ ಕಾಲಕ್ಕೆ ಬಡ್ಡಿ ಇಲ್ಲ. ಬಂದ ಆ ಬಡ್ಡಿಯೂ ಆದಾಯವೇ, ಅದನ್ನು ಆಯಾ ವರ್ಷದ ಲೆಕ್ಕಕ್ಕೆ ತೋರಿಸಬೇಕು.

ಸಂಘಗಳ ದೊಡ್ಡ ಕಷ್ಟ

ಇನ್ನು ನಮ್ಮಂಥ ಸಂಘಗಳಿಗೆ ಹಳೇ ಬಾಕಿ ಹುಟ್ಟುವುದು ಎಲ್ಲಿಂದ ಅಂತ ನೋಡೋಣ. ಸದಸ್ಯರಿಗೆ ಸಾಲ ಕೊಟ್ಟು ಬಂದ ಲಾಭಕ್ಕೆ ಕಾಯ್ದೆಯ 80-ಪಿ ಕಲಮಿನಲ್ಲಿ ಪೂರ್ತಿ ವಿನಾಯಿತಿ ಇದೆ. ಹಳಬರಿಗೆ ಇದೇ ಧೈರ್ಯ. "ಸಂಘಕ್ಕೆ ತೆರಿಗೆ ಇಲ್ಲ ಬಿಡ್ರೀ" ಅನ್ನುತ್ತಾರೆ. ಆದರೆ 2018ರಲ್ಲಿ ಒಂದು ಬದಲಾವಣೆ ಆಯಿತು. 2018-19ರ ಅಸೆಸ್‌ಮೆಂಟ್ ವರ್ಷದಿಂದ, ಗಡುವಿನೊಳಗೆ ರಿಟರ್ನು ಹಾಕಿದ ಸಂಘಕ್ಕೆ ಮಾತ್ರ ಈ ವಿನಾಯಿತಿ. ಒಂದು ದಿನ ತಡವಾದರೂ ಹೋಯಿತು. ಆಡಿಟ್ ಆಗಬೇಕಾದ ಸಂಘಗಳಿಗೆ ಆ ಗಡುವು ಸಾಮಾನ್ಯವಾಗಿ ಅಕ್ಟೋಬರ್ 31. ಆಡಿಟ್ ತಡ, ಸಹಿ ತಡ, ಕಂಪ್ಯೂಟರ್ ತಡ ಅಂತ ನವೆಂಬರಿಗೆ ಬಿದ್ದ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ.

ಉದಾಹರಣೆಗೆ ಒಂದು ಸಂಘ ಅಂತ ಇಟ್ಟುಕೊಳ್ಳಿ. 2022-23ರ ಅಸೆಸ್‌ಮೆಂಟ್ ವರ್ಷದಲ್ಲಿ ಅದರ ನಿವ್ವಳ ಆದಾಯ 6 ಲಕ್ಷ. ಗಡುವು ದಾಟಿ ರಿಟರ್ನು ಹಾಕಿದ್ದಾರೆ. ವಿನಾಯಿತಿ ತಪ್ಪಿತು. ಸಹಕಾರ ಸಂಘಗಳ ದರದಂತೆ ಮೊದಲ ಹತ್ತು ಸಾವಿರಕ್ಕೆ ಶೇ. 10, ಮುಂದಿನ ಹತ್ತು ಸಾವಿರಕ್ಕೆ ಶೇ. 20, ಮಿಕ್ಕಿದ್ದಕ್ಕೆ ಶೇ. 30. ಒಟ್ಟು 1,77,000. ಅದರ ಮೇಲೆ ಶೇ. 4 ಸೆಸ್ಸು 7,080. ಕೂಡಿದರೆ 1,84,080 ರೂಪಾಯಿ. ತಡವಾದ ಬಡ್ಡಿ ಬೇರೆ. ಈ ತಗಾದೆ ಮಿಂಚಂಚೆಯಲ್ಲಿ ಬಂತು, ಯಾರೂ ತೆರೆದು ನೋಡಲಿಲ್ಲ.

ಎರಡು ವರ್ಷ ಬಿಟ್ಟು, 2024-25ಕ್ಕೆ, ಅದೇ ಸಂಘ ಸಕಾಲಕ್ಕೆ ರಿಟರ್ನು ಹಾಕಿದೆ. ವಿನಾಯಿತಿ ಸಿಕ್ಕಿದೆ, ತೆರಿಗೆ ಸೊನ್ನೆ. ಬ್ಯಾಂಕು ಮುರಿದಿದ್ದ 60,000 ರೂಪಾಯಿ ವಾಪಸು ಬರಬೇಕು. ಕಾರ್ಯದರ್ಶಿ ದಿನಾ ಪಾಸ್‌ಬುಕ್ ನೋಡುತ್ತಾನೆ, ಬಂದಿಲ್ಲ. ಯಾಕೆಂದರೆ ಅದು 2022-23ರ ಬಾಕಿಗೆ ಹೋಗಿ ಸೇರಿದೆ. ಸೇರಿದ ಮೇಲೂ ಲಕ್ಷದ ಮೇಲೆ ಬಾಕಿ ಉಳಿದಿದೆ. ವಜಾ ಆಗುವವರೆಗೆ ಅಸಲು ಬಾಕಿಯ ಮೇಲೆ ತಿಂಗಳಿಗೆ ಸುಮಾರು 1,840 ರೂಪಾಯಿ ಬಡ್ಡಿ ಬೆಳೆದಿದೆ. ನಮ್ಮ 60,000ಕ್ಕೆ ಬೆಳೆದದ್ದು ತಿಂಗಳಿಗೆ 300. ಆ ಸಂಘದ ಅಢಾವೆ ಪತ್ರಿಕೆಯಲ್ಲಿ ಮಾತ್ರ ಈಗಲೂ "ಬರತಕ್ಕ ತೆರಿಗೆ 60,000" ಅಂತಲೇ ಇದೆ!

ಇದಕ್ಕೆ ದಾರಿ ಇಲ್ಲವೇ ಅಂದರೆ ಇತ್ತು. ರಾಜ್ಯದ ಕಾನೂನಿನಂತೆ ನಡೆಯುವ ಆಡಿಟ್ ತಡವಾದ ಕಾರಣಕ್ಕೆ ಗಡುವು ತಪ್ಪಿದ ಸಂಘಗಳ ಕಷ್ಟವನ್ನು ಕೇಂದ್ರ ನೇರ ತೆರಿಗೆ ಮಂಡಳಿ ಗಮನಿಸಿತು. 2023ರ ಜುಲೈ 26ರಂದು 13/2023ನೇ ಸುತ್ತೋಲೆ ಹೊರಡಿಸಿ, 2018-19ರಿಂದ 2022-23ರವರೆಗಿನ ವರ್ಷಗಳಿಗೆ ವಿಳಂಬ ಮನ್ನಾ ಮಾಡುವ ಅಧಿಕಾರವನ್ನು ಮುಖ್ಯ ಆಯುಕ್ತರ ದರ್ಜೆಯವರಿಗೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ 2023-24ರ ವರ್ಷಕ್ಕೂ ಅಂಥದೇ ಸುತ್ತೋಲೆ ಬಂತು. ಇದು ತಾನಾಗಿ ಸಿಗುವ ಮಾಫಿ ಅಲ್ಲ. ಅರ್ಜಿ ಹಾಕಬೇಕು, ಆಡಿಟ್ ಯಾವತ್ತು ಶುರುವಾಯಿತು, ವರದಿ ಯಾವತ್ತು ಬಂತು ಅಂತ ಕಾಗದ ಇಟ್ಟು ತೋರಿಸಬೇಕು. ಅರ್ಜಿ ಹಾಕಿದವರಿಗೆ ಬಾಗಿಲು ತೆರೆಯುವ ಅವಕಾಶ ಸಿಕ್ಕಿತು. ವಿಷಯವೇ ಗೊತ್ತಿಲ್ಲದವರು ಕಟ್ಟುತ್ತಲೇ ಇದ್ದಾರೆ.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. ಮುರಿದುಕೊಂಡ ಹಣ ಮುಳುಗಿದ ಹಣವಲ್ಲ. ಹಳೇ ವರ್ಷದ ತಗಾದೆ ಮುಂದೆ ರದ್ದಾದರೆ, ಅಥವಾ ಕಡಿಮೆಯಾದರೆ, ಆ ಬಾಕಿಗೆ ಹಚ್ಚಿದ್ದ ರೀಫಂಡು ಮತ್ತೆ ನಮ್ಮದಾಗುತ್ತದೆ. ಅದಕ್ಕೇ ಹೇಳುವುದು, ರೀಫಂಡು ಯಾಕೆ ಬರಲಿಲ್ಲ ಅಂತ ಈ ವರ್ಷದ ಕಾಗದವನ್ನೇ ಮತ್ತೆ ಮತ್ತೆ ತಿರುವಿ ಹಾಕಿ ಪ್ರಯೋಜನವಿಲ್ಲ. ರೋಗ ಇರುವುದು ಹಳೇ ವರ್ಷದಲ್ಲಿ, ಔಷಧ ಹಚ್ಚಬೇಕಾದದ್ದೂ ಅಲ್ಲೇ.

ವರ್ಷ ತಪ್ಪಿದ ಜಮಾ

ಇನ್ನೊಂದು ಬಗೆಯ ಬಾಕಿ ಇದೆ. ಅದು ಬಾಕಿಯೇ ಅಲ್ಲ, ವರ್ಷ ತಪ್ಪಿ ಜಮಾ ಆದ ಹಣ. 2023ರ ಏಪ್ರಿಲಿನಿಂದ 2024ರ ಮಾರ್ಚಿಯವರೆಗಿನ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2024-25. ಚಲನ್ನು ಬರೆಯುವಾಗ 2023-24 ಅಂತ ಹಾಕಿದರೆ ಏನಾಗುತ್ತದೆ? ಒಂದು ವರ್ಷದಲ್ಲಿ ಹಣ ಹೆಚ್ಚಾಗಿ ಕಾಣುತ್ತದೆ, ಇನ್ನೊಂದು ವರ್ಷದಲ್ಲಿ ಬಾಕಿ ಕಾಣುತ್ತದೆ. ಹಣ ಸರ್ಕಾರದ ಖಜಾನೆಯಲ್ಲೇ ಇದೆ, ಆದರೂ ನಮ್ಮ ಮೇಲೆ ಬಡ್ಡಿ ಏರುತ್ತದೆ. ಇಂಥ ಚಲನ್ನನ್ನು ಬೇಗ ಗೊತ್ತಾದರೆ ಇಲಾಖೆಯ ಪೋರ್ಟಲಿನಲ್ಲೇ ತಿದ್ದಿಸಬಹುದು. ದಿನ ಕಳೆದಿದ್ದರೆ ನಮ್ಮ ಅಧಿಕಾರಿಗೆ ಅರ್ಜಿ ಕೊಡಬೇಕು. ಚಲನ್ನು ಕಟ್ಟಿದ ದಿನವೇ ಅದರ ಪ್ರತಿಯ ಮೇಲೆ ವರ್ಷ ಸರಿಯಿದೆಯೇ ಅಂತ ಇನ್ನೊಬ್ಬರ ಕಣ್ಣಿಂದ ನೋಡಿಸುವುದು ಎಲ್ಲಕ್ಕಿಂತ ಸುಲಭ.

ಠೇವಣಿಯಲ್ಲೂ ಹೀಗೇ ಆಗುತ್ತದೆ. ನಾವು ಪ್ರತಿ ವರ್ಷ ಕೂಡಿದ ಬಡ್ಡಿಯನ್ನು ಆಯಾ ವರ್ಷದ ಆದಾಯ ಅಂತ ತೋರಿಸಿ ತೆರಿಗೆ ಲೆಕ್ಕ ಹಾಕಿರುತ್ತೇವೆ. ಬಡ್ಡಿ ಕೊಟ್ಟವರು ಟಿ.ಡಿ.ಎಸ್. ಮುರಿಯುವುದು ಮುಂದೆ ಯಾವುದೋ ವರ್ಷದಲ್ಲಿ. ಆದಾಯ ಒಂದು ವರ್ಷ, ಜಮಾ ಇನ್ನೊಂದು ವರ್ಷ. ಮೊದಲು ಇದಕ್ಕೆ ಸುಲಭ ಪರಿಹಾರ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ನಮೂನೆ 71 ಅಂತ ಬಂತು. ಟಿ.ಡಿ.ಎಸ್. ಮುರಿದ ಹಣಕಾಸು ವರ್ಷ ಮುಗಿದು ಎರಡು ವರ್ಷದೊಳಗೆ ಆ ನಮೂನೆಯಲ್ಲಿ ಅರ್ಜಿ ಹಾಕಿದರೆ, ಆದಾಯ ತೋರಿಸಿದ ಹಳೇ ವರ್ಷಕ್ಕೇ ಜಮಾ ಹಿಡಿಯುತ್ತಾರೆ. ನಾವಾಗಿ ಕೇಳಿ ಒಂದು ವರ್ಷದ ಹಣವನ್ನು ಇನ್ನೊಂದು ವರ್ಷಕ್ಕೆ ಹಚ್ಚಿಸಿಕೊಳ್ಳುವ ದಾರಿ ಏನಾದರೂ ಇದ್ದರೆ ಅದು ಇಂಥದ್ದು.

ತಕರಾರಿನ ಬಾಕಿ

ಕೆಲವು ಬಾಕಿಗಳು ತಕರಾರಿನಲ್ಲಿ ಇರುತ್ತವೆ. ನಮ್ಮ ಮಲೆನಾಡಿನವರಿಗೆ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘದ ಹೆಸರು ಗೊತ್ತಿಲ್ಲದೆ ಇಲ್ಲ. ತಕ್ಷಣಕ್ಕೆ ಬೇಕಿಲ್ಲದ ಹಣವನ್ನು ಠೇವಣಿಯಲ್ಲಿಟ್ಟು ಬಂದ ಬಡ್ಡಿಗೆ 80-ಪಿ ಕಲಮಿನ ವ್ಯವಹಾರ ಲಾಭದ ವಿನಾಯಿತಿ ಉಂಟೇ ಅನ್ನುವ ಪ್ರಶ್ನೆ ಆ ಸಂಘದ ಹೆಸರಿನಲ್ಲೇ ಸುಪ್ರೀಂ ಕೋರ್ಟಿಗೆ ಹೋಯಿತು. 1990ರ ದಶಕದ ವರ್ಷಗಳ ಲೆಕ್ಕ ಇತ್ಯರ್ಥ ಆದದ್ದು 2010ರಲ್ಲಿ, ಸಂಘದ ವಿರುದ್ಧವಾಗಿ. 2021ರ ಜನವರಿಯಲ್ಲಿ ಕೇರಳದ ಮಾವಿಲಾಯಿ ಸಂಘದ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಪರವಾಗಿ ತೀರ್ಪು ಕೊಟ್ಟಿತು. ಹೀಗೆ ಒಂದು ವರ್ಷದ ಪ್ರಶ್ನೆ ತೀರುವುದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಆ ಬಾಕಿ ಪುಸ್ತಕದಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ, ಬಂದ ರೀಫಂಡನ್ನೆಲ್ಲ ನುಂಗಲು.

ಅಪೀಲು ಹಾಕಿದ ಮಾತ್ರಕ್ಕೆ ತಗಾದೆ ನಿಲ್ಲುವುದಿಲ್ಲ. ತಡೆ ಕೇಳಬೇಕು. ಮಂಡಳಿಯ 2017ರ ಸೂಚನೆಯಂತೆ ಮೊದಲ ಅಪೀಲಿನ ಹಂತದಲ್ಲಿ ಸಾಮಾನ್ಯವಾಗಿ ತಕರಾರಿನ ತಗಾದೆಯ ಶೇ. 20 ಕಟ್ಟಿದರೆ ಮಿಕ್ಕಿದ್ದಕ್ಕೆ ತಡೆ ಕೊಡುತ್ತಾರೆ. ಆ ಶೇ. 20ಕ್ಕಿಂತ ಹೆಚ್ಚಿಗೆ ರೀಫಂಡಿನಿಂದ ಮುರಿದುಕೊಂಡಿದ್ದ ಪ್ರಕರಣಗಳಲ್ಲಿ ಹೆಚ್ಚಾದದ್ದನ್ನು ಹಿಂತಿರುಗಿಸಿ ಅಂತ ದೆಹಲಿ ಹೈಕೋರ್ಟು ಹೇಳಿದೆ. ಆದ್ದರಿಂದ ಅಪೀಲಿನ ಜೊತೆಗೇ ತಡೆ ಅರ್ಜಿ ಕೊಟ್ಟು ಆ ಆದೇಶದ ಪ್ರತಿ ಜೋಪಾನ ಮಾಡಿ.

ಸುಮ್ಮನಿದ್ದರೆ ಒಪ್ಪಿದಂತೆ

ಈಗ ರಿಟರ್ನುಗಳೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕೇಂದ್ರದಲ್ಲಿ ಕಂಪ್ಯೂಟರಿನಲ್ಲಿ ಪರಿಶೀಲನೆ ಆಗುತ್ತವೆ. ಆ ವ್ಯವಸ್ಥೆ ಹೊಸದರಲ್ಲಿ ಊರೂರಿನ ಅಧಿಕಾರಿಗಳ ಹಳೇ ಕಡತದ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಎಂದೋ ಕಟ್ಟಿದ್ದು, ಎಂದೋ ರದ್ದಾದದ್ದು ಎಲ್ಲ ಬಾಕಿಯಾಗಿ ಕಂಡು, ಜನರ ರೀಫಂಡು ಹೇಳದೆ ಕೇಳದೆ ಮುರಿದುಹೋಗತೊಡಗಿತು. ಇದನ್ನು ಕುರಿತು ಹಿರಿಯ ಲೆಕ್ಕಪರಿಶೋಧಕರೊಬ್ಬರು ಬರೆದ ಪತ್ರವನ್ನೇ ದೆಹಲಿ ಹೈಕೋರ್ಟು 2012ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅಂತ ಕೈಗೆತ್ತಿಕೊಂಡಿತು. 2013ರ ಮಾರ್ಚಿ 14ರಂದು ತೀರ್ಪು ಬಂತು. ಮೊದಲು ತಿಳಿಸಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ಉತ್ತರ ಪರಿಶೀಲಿಸಬೇಕು, ಆಮೇಲೆಯೇ ವಜಾ. ಒಂದು ಕಾಗದ ಎಷ್ಟು ಕೆಲಸ ಮಾಡಬಹುದು ನೋಡಿ!

ಆದರೆ ನ್ಯಾಯಾಲಯ ನಮಗೆ ಉತ್ತರ ಕೊಡುವ ಹಕ್ಕು ಕೊಡಿಸಬಹುದು, ನಮ್ಮ ಪರವಾಗಿ ಉತ್ತರ ಬರೆಯಲಾರದು. 245ನೇ ಕಲಮಿನ ತಿಳುವಳಿಕೆ ಮಿಂಚಂಚೆಗೆ ಬರುತ್ತದೆ, ಪೋರ್ಟಲಿನಲ್ಲೂ ಕಾಣುತ್ತದೆ. ಅದರಲ್ಲಿ ಗಡುವು ಬರೆದಿರುತ್ತದೆ. ಅಷ್ಟರೊಳಗೆ ಉತ್ತರ ಹೋಗದಿದ್ದರೆ ವಜಾ ಆಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅಂತ ಮದುವೆ ಮಾತಿಗೆ ಹೇಳುತ್ತಾರಲ್ಲ, ಕಂಪ್ಯೂಟರಿನ ಶಾಸ್ತ್ರವೂ ಅದೇ.

ಉತ್ತರ ಕೊಡುವುದು ಕಷ್ಟವಲ್ಲ. ಬಾಕಿ ಸರಿ ಇದ್ದರೆ ಸರಿ ಅನ್ನಿ, ವಜಾ ಆಗಲಿ. ಬಡ್ಡಿ ಬೆಳೆಯುವುದಾದರೂ ನಿಲ್ಲುತ್ತದೆ. ಸರಿ ಇಲ್ಲದಿದ್ದರೆ ಒಪ್ಪುವುದಿಲ್ಲ ಅಂತ ಗುರುತು ಮಾಡಿ ಕಾರಣ ಕೊಡಿ. ಕಟ್ಟಿಯಾಗಿದ್ದರೆ ಚಲನ್ನಿನ ವಿವರ, ತಿದ್ದುಪಡಿ ಅರ್ಜಿ ಹಾಕಿದ್ದರೆ ಅದರ ವಿವರ, ಅಪೀಲು ಅಥವಾ ತಡೆ ಇದ್ದರೆ ಆ ಆದೇಶ. ಸ್ವಲ್ಪ ಭಾಗ ಮಾತ್ರ ಸರಿ ಇದ್ದರೆ ಹಾಗೂ ಹೇಳಬಹುದು. ಒಂದು ಎಚ್ಚರಿಕೆ ಮಾತ್ರ: "ಬಾಕಿ ಸರಿ" ಅಂತ ಒಮ್ಮೆ ಒತ್ತಿದರೆ ಆಮೇಲೆ ಪೋರ್ಟಲಿನಲ್ಲಿ ಇಲ್ಲ ಅನ್ನಲಾಗುವುದಿಲ್ಲ. ಬೇಗ ಮುಗಿಯಲಿ ಅಂತ ಯಾರೋ ಹುಡುಗನ ಕೈಲಿ ಒತ್ತಿಸಬೇಡಿ.

ಸಣ್ಣ ಪುಟ್ಟ ಹಳೇ ಬಾಕಿ ಇದ್ದವರಿಗೆ ಒಂದು ಒಳ್ಳೆಯ ಸುದ್ದಿ ಆಗಿಹೋಗಿದೆ. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ, 2010-11ರ ಅಸೆಸ್‌ಮೆಂಟ್ ವರ್ಷದವರೆಗಿನ 25,000 ರೂಪಾಯಿವರೆಗಿನ ತಗಾದೆಗಳನ್ನೂ, 2011-12ರಿಂದ 2015-16ರವರೆಗಿನ 10,000 ರೂಪಾಯಿವರೆಗಿನ ತಗಾದೆಗಳನ್ನೂ ಕೈಬಿಡುವುದಾಗಿ ಹೇಳಿದರು. ಒಬ್ಬರಿಗೆ ಒಟ್ಟು ಒಂದು ಲಕ್ಷದ ಮಿತಿ. ನಿಮ್ಮ ಹೆಸರಿನ ಹಳೇ ಬಾಕಿ ಅಳಿಸಿದೆಯೇ ಅಂತ ಪೋರ್ಟಲಿನಲ್ಲಿ ನೋಡಿಸಿ.

ತಡವಾಗಿ ಕೇಳುವವರಿಗೆ

"ಮೂರ್ನಾಲ್ಕು ವರ್ಷದಿಂದ ಟಿ.ಡಿ.ಎಸ್. ಹೋಗಿದೆ, ರಿಟರ್ನೇ ಹಾಕಿಲ್ಲ, ಈಗ ಸಿಗುತ್ತದೆಯೇ?" ಅಂತ ಸದಸ್ಯರು ಕೇಳುತ್ತಾರೆ. ಗಡುವು ದಾಟಿದರೂ ಅಸೆಸ್‌ಮೆಂಟ್ ವರ್ಷದ ಡಿಸೆಂಬರ್ 31ರವರೆಗೆ ತಡ ರಿಟರ್ನು ಹಾಕಿ ರೀಫಂಡು ಕೇಳಬಹುದು. ಅದೂ ದಾಟಿದರೆ 2022ರಲ್ಲಿ ಬಂದ ಪರಿಷ್ಕೃತ ಅವಕಾಶದ, ಅಂದರೆ "ಅಪ್‌ಡೇಟೆಡ್" ರಿಟರ್ನಿನ, ದಾರಿ ಹಿಡಿಯಬೇಡಿ. ಅದು ಹೆಚ್ಚು ತೆರಿಗೆ ಕಟ್ಟುವವರಿಗೆ, ರೀಫಂಡು ಕೇಳುವವರಿಗಲ್ಲ. ಆಯುಕ್ತರ ಹತ್ತಿರ ವಿಳಂಬ ಮನ್ನಾ ಅರ್ಜಿ ಹಾಕಬೇಕು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಇರಬೇಕು. ಹಿಂದೆ ಆರು ವರ್ಷ ಇತ್ತು, ಈಗ ಐದು. ತಡಕ್ಕೆ ಒಪ್ಪುವಂಥ ಕಾರಣವೂ ಬೇಕು.

ಮನೆಯ ಯಜಮಾನರು ತೀರಿಕೊಂಡಿದ್ದರೆ ಅವರ ರೀಫಂಡು ಸತ್ತುಹೋಗುವುದಿಲ್ಲ. ವಾರಸುದಾರರು ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಅವರ ಪರವಾಗಿ ಕೇಳಬಹುದು. ಪ್ಯಾನಿಗೆ ಆಧಾರ್ ಜೋಡಿಸಬೇಕಾದವರು ಜೋಡಿಸದಿದ್ದರೆ ಪ್ಯಾನು ನಿಷ್ಕ್ರಿಯವಾಗಿ ರೀಫಂಡು ನಿಲ್ಲುತ್ತದೆ, ಆ ಕಾಲಕ್ಕೆ ಬಡ್ಡಿಯೂ ಇಲ್ಲ. ಬ್ಯಾಂಕ್ ಖಾತೆಯನ್ನು ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿಟ್ಟಿರಬೇಕು.

2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿಗೆ 2026ರ ಏಪ್ರಿಲ್ 1ನ್ನು ಗೊತ್ತುಪಡಿಸಿದ್ದಾರೆ. ಅದರಲ್ಲಿ ಅಸೆಸ್‌ಮೆಂಟ್ ವರ್ಷ ಅನ್ನುವ ಗೊಂದಲ ತೆಗೆದು ತೆರಿಗೆ ವರ್ಷ ಅಂತ ಒಂದೇ ಲೆಕ್ಕ ಇಟ್ಟಿದ್ದಾರೆ. ಕಲಮುಗಳ ಸಂಖ್ಯೆಯೂ ಬದಲಾಗುತ್ತದೆ. ಆದರೆ ಹಿಂದಿನ ವರ್ಷಗಳ ಬಾಕಿ ಇದರಿಂದ ಅಳಿಸಿಹೋಗುವುದಿಲ್ಲ. ಆ ವರ್ಷಗಳ ಲೆಕ್ಕ ಹಳೇ ಕಾಯ್ದೆಯಂತೆಯೇ.

ಕೊನೆಯ ಮಾತು

ಮಾನ್ಯರೇ, ನನ್ನ ಕೋರಿಕೆ ಚಿಕ್ಕದು. ಪ್ರತಿ ಮಹಾಸಭೆಗೆ ಮೊದಲು ನಮ್ಮ ಕಾರ್ಯದರ್ಶಿಗಳು ಒಂದು ಹಾಳೆಯ ತಖ್ತೆ ತಯಾರು ಮಾಡಲಿ. ಒಂದೊಂದು ವರ್ಷಕ್ಕೆ ಒಂದೊಂದು ಸಾಲು. ರಿಟರ್ನು ಹಾಕಿದ ದಿನ, ಮುರಿದ ಟಿ.ಡಿ.ಎಸ್., ಬಂದ ರೀಫಂಡು, ವಜಾ ಆದದ್ದು ಯಾವ ವರ್ಷದ ಬಾಕಿಗೆ, ಉಳಿದ ತಗಾದೆ, ಅದರ ಮೇಲೆ ನಡೆದ ಕ್ರಮ. ಅಷ್ಟೇ. ಪೋರ್ಟಲಿನಲ್ಲಿ ಸಂಘದ ಹೆಸರಿಗೆ ಕೊಟ್ಟ ಮಿಂಚಂಚೆ ಮತ್ತು ಮೊಬೈಲು ಸಂಖ್ಯೆ ನಿವೃತ್ತರಾದ ಕಾರ್ಯದರ್ಶಿಯದೋ, ಹಿಂದಿನ ಆಡಿಟರದೋ ಆಗಿ ಉಳಿಯದೆ ಸಂಘದ್ದೇ ಆಗಿರಲಿ. ವಾರಕ್ಕೊಮ್ಮೆ ಯಾರಾದರೂ ಅದನ್ನು ತೆರೆದು ನೋಡಲಿ. ಆ ತಖ್ತೆಯನ್ನು ಅಢಾವೆ ಪತ್ರಿಕೆಯ ಜೊತೆ ಸದಸ್ಯರ ಮುಂದೆ ಇಡಲಿ. "ಬರತಕ್ಕ ತೆರಿಗೆ" ಅಂತ ಓದಿದಾಗ "ಯಾವ ವರ್ಷದ್ದು, ಯಾಕೆ ಬಂದಿಲ್ಲ?" ಅಂತ ನೀವು ಕೇಳಿ. ಕೇಳುವುದು ಸದಸ್ಯರ ಹಕ್ಕು, ಹೇಳುವುದು ಆಡಳಿತ ಮಂಡಳಿಯ ಕರ್ತವ್ಯ.

ಸರ್ಕಾರಕ್ಕೆ ಕೊಡಬೇಕಾದದ್ದನ್ನು ಕೊಡೋಣ, ಅದರಲ್ಲಿ ಎರಡು ಮಾತಿಲ್ಲ. ನಮಗೆ ಬರಬೇಕಾದದ್ದು ಎಲ್ಲಿ ಹೋಯಿತು ಅನ್ನುವ ಲೆಕ್ಕವೂ ನಮ್ಮ ಕೈಲಿರಲಿ. ನಮ್ಮ ಸಂಘ ಇನ್ನಿಪ್ಪತ್ತೈದು ವರ್ಷ ಕಳೆದು ಸುವರ್ಣ ಮಹೋತ್ಸವ ಆಚರಿಸುವಾಗ, ಅದರ ಪುಸ್ತಕದಲ್ಲಿ ಹಳೇ ವರ್ಷದ ಒಂದು ಬಾಕಿಯೂ ಇಲ್ಲದಿರಲಿ ಎಂದು ಹಾರೈಸುತ್ತ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಸಹಕಾರ.